ನೀರಿನ ಕಳೆತ, ಚೀಲದ ಕಳೆತ

ಕಟ್ಟಬೆಟ್ಟಿನ ಎಲೆ ಶೆಡ್ಡಿನಲ್ಲಿ ನಿನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ, ನಂಜುಂಡೇಶ ತೂಕ ಹಾಕುವುದು ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅವನ ಕೆಲಸ ತೂಕ ಕಳೆಯುವುದು. ತೂಕವನ್ನು ಯಂತ್ರವೇ ಹಾಕುತ್ತದೆ. ಚಹಾ ಎಲೆಯ ಚೀಲ ಇಟ್ಟ ಕೂಡಲೇ ಕೆಂಪು ಅಂಕಿ ಬೆಳಗುತ್ತದೆ. ಅದರಲ್ಲಿ ಚೀಲಕ್ಕೆಂದು ಇಷ್ಟು, ಎಲೆಗಂಟಿದ ನೀರಿಗೆಂದು ಇಷ್ಟು ಕಳೆದು ಚೀಟಿ ಬರೆಯುವುದಕ್ಕೆ ಮಾತ್ರ ಮನುಷ್ಯ ಬೇಕು. ಯಂತ್ರವನ್ನು ಬೈದರೆ ಬೈದವರಿಗೆ ತೃಪ್ತಿಯಾಗುವುದಿಲ್ಲ. ಹಾಗಾಗಿ ಫ್ಯಾಕ್ಟರಿಯವರು ಬೈಸಿಕೊಳ್ಳಲೆಂದು ಒಬ್ಬನಿಗೆ ಸಂಬಳ ಕೊಟ್ಟು ಕೂರಿಸಿದ್ದಾರೆ, ಆ ಒಬ್ಬ ತಾನು ಎಂಬುದನ್ನು ನಂಜುಂಡೇಶ ಕೆಲಸಕ್ಕೆ ಸೇರಿದ ವಾರದಲ್ಲೇ ಅರ್ಥ ಮಾಡಿಕೊಂಡಿದ್ದ. ಅದಾಗಿ ಏಳು ವರ್ಷ.

ಅವನ ತಾತ ಗುಂಡ್ಲುಪೇಟೆ ಕಡೆಯಿಂದ ಆಲೂಗಡ್ಡೆ ವ್ಯಾಪಾರಕ್ಕೆಂದು ಬೆಟ್ಟ ಹತ್ತಿ ಬಂದವನು. ಅಪ್ಪ ರಾಚಯ್ಯ ಕೋಟಗಿರಿ ಮಾರುಕಟ್ಟೆಯಲ್ಲಿ ತರಕಾರಿ ಅಂಗಡಿ ಇಟ್ಟವನು. ತಾತ ಕೊಂಡ, ಅಪ್ಪ ಮಾರಿದ, ಮಗ ಕಳೆದ ಎಂದು ನಂಜುಂಡೇಶ ತನ್ನ ವಂಶಚರಿತ್ರೆಯನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದ. ಇಪ್ಪತ್ತೆಂಟು ವರ್ಷಕ್ಕೆ ಅರ್ಧ ತಲೆಯ ಕೂದಲೂ ಹೋಗಿತ್ತು. ಅದನ್ನು ಅವನು ಬೆಳೆಗಾರರ ಶಾಪದ ಲೆಕ್ಕಕ್ಕೆ ಬರೆದು ನಿಶ್ಚಿಂತೆಯಿಂದಿದ್ದ.

ನಿಶ್ಚಿಂತೆ ಕೆಟ್ಟದ್ದು ಹೆಂಡತಿ ಸುನೀತಾಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ.

ಅಂದು ಬೆಳಿಗ್ಗೆಯಿಂದ ಸೋನೆ. ಎಲೆ ತೊಯ್ದು ತೊಪ್ಪೆಯಾಗಿ ಬರುತ್ತಿತ್ತು, ನಂಜುಂಡೇಶ ನೂರಕ್ಕೆ ಹತ್ತು ಕಳೆಯುತ್ತಿದ್ದ. ಮೇಲಿನ ಹಟ್ಟಿಯ ವಸಂತಾಮಣಿ ಐವತ್ತು ದಾಟಿದ ಹೆಂಗಸು, ಮುಕ್ಕಾಲು ಎಕರೆ ತೋಟದ ಒಡತಿ, ಬೆಟ್ಟದ ಬಡಗ ಜನರ ಪೈಕಿ ಬಾಯಿಗೆ ಹೆಸರಾದವಳು. ತನ್ನ ಚೀಟಿ ನೋಡಿ ಅದನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು, ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ ಹೇಳಿದಳು.

“ಮಗಾ, ನಾಳೆ ನಿನ್ನ ಕೂಸನೂ ಈ ತಕ್ಕಡಿಲೇ ತೂಗು. ಹತ್ತು ಕಳೆದು ಎತ್ತಿಗೋ.”

ಶೆಡ್ಡಿಗೆ ಶೆಡ್ಡೇ ನಕ್ಕಿತು. ನಂಜುಂಡೇಶನೂ ನಕ್ಕ, ನಗುವುದು ಅವನ ಕೆಲಸದ ಭಾಗವೇ ಆಗಿತ್ತು. ಸಂಜೆ ಮನೆಗೆ ಬಂದರೆ ಸುನೀತಾ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದಳು. ಎಲ್ಲ ಚೆನ್ನಾಗಿದೆಯಂತೆ ಎಂದು ರಿಪೋರ್ಟನ್ನು ಕೈಗಿತ್ತು ಅವಳು ಕಾಲು ಚಾಚಿ ಕೂತಳು. ಎಲ್ಲ ಚೆನ್ನಾಗಿದೆ ಎಂದು ಹೇಳಿದ ಮೇಲೆ ಬೇರೆ ಗಂಡಸಾದರೆ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಊಟಕ್ಕೆ ಕೂರುತ್ತಿದ್ದ. ನಂಜುಂಡೇಶನ ಕಣ್ಣು ಕಾಗದದಲ್ಲಿ ಎಲ್ಲಿದ್ದರೂ ತೂಕವನ್ನೇ ಹುಡುಕುವ ಕಣ್ಣು. ಸಿಕ್ಕಿತು. ಮಗುವಿನ ಅಂದಾಜು ತೂಕ 1190 ಗ್ರಾಂ. ಅದರ ಪಕ್ಕದಲ್ಲಿ ಕೂಡುವ ಗುರುತು, ಅದರ ಕಾಲಬುಡದಲ್ಲೇ ಕಳೆಯುವ ಗುರುತು, ಆಮೇಲೆ 174 ಗ್ರಾಂ.

ಕೂಡುವ ಗುರುತು ಯಾಕೆ ಬಂತೆಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅವನ ಅನುಭವದಲ್ಲಿ ಕೂಡುವುದು ಅಲಂಕಾರಕ್ಕೆ, ಕಳೆಯುವುದು ವ್ಯವಹಾರಕ್ಕೆ. ನೂರ ಎಪ್ಪತ್ತನಾಲ್ಕು ಗ್ರಾಂ ಎಂದರೆ ಚೀಲದ ಕಳೆತ, ಮಗು ಇರುವ ಚೀಲ. ಅದು ಹೋಗಿ ಸಾವಿರದ ಹದಿನಾರು. ಇನ್ನು ನೀರು. ರಿಪೋರ್ಟಿನಲ್ಲೇ ಬರೆದಿತ್ತು, ಮಗುವಿನ ಸುತ್ತ ನೀರು ಸಾಕಷ್ಟಿದೆಯೆಂದು. ಮುಳುಗಿಯೇ ಇರುವ ಮಾಲಿಗೆ ಡಾಕ್ಟರು ನೀರು ಕಳೆದೇ ಇಲ್ಲ. ಪಾಪ, ಅವರಿಗೆ ಎಲೆ ಗೊತ್ತಿಲ್ಲವಲ್ಲ. ಎಲೆ ಚೀಟಿಯ ಬೆನ್ನಿಗೆ ಅವನು ನೂರಕ್ಕೆ ಹತ್ತರಂತೆ ಕಳೆದು ನೋಡಿದ. ಒಂಬೈನೂರ ಹದಿನಾಲ್ಕು. ಮೊಬೈಲಿನಲ್ಲಿ ಹುಡುಕಿದರೆ ಇಪ್ಪತ್ತೆಂಟು ವಾರಕ್ಕೆ ಸಾವಿರದ ನೂರರ ಸುಮಾರಿಗೆ ಇರಬೇಕೆಂದು ಬಂತು.

ವಸಂತಾಮಣಿಯ ಮಾತು ಆಗ ನೆನಪಾಯಿತು. ಏಳು ವರ್ಷ ಊರವರ ತೂಕ ಕಳೆದವನ ಮಗುವಿನ ತೂಕವನ್ನು ಯಾರೋ ಕೂತು ಕಳೆಯುತ್ತಿದ್ದಾರೆ ಎನಿಸಿತು. ಇಂಥದ್ದನ್ನೆಲ್ಲ ಅವನು ನಂಬುವವನಲ್ಲ. ನಂಬುವುದಿಲ್ಲ ಎಂದು ಅಂದು ಮಲಗುವ ತನಕ ತನಗೆ ತಾನೇ ಹೇಳಿಕೊಂಡ.

ಸುನೀತಾಳಿಗೆ ಹೇಳಲಿಲ್ಲ. ಬಸುರಿಗೆ ಹೆದರಿಕೆ ಹುಟ್ಟಿಸಬಾರದು ಎಂಬುದು ಅವನಿಗೆ ಗೊತ್ತಿದ್ದ ಒಂದೇ ವೈದ್ಯಶಾಸ್ತ್ರ. ಬದಲಿಗೆ ಮಾರನೆಯ ದಿನದಿಂದ ಮನೆಗೆ ತೂಕದ ಪದಾರ್ಥ ಹೊತ್ತು ತರತೊಡಗಿದ. ನಾಟಿ ಕೋಳಿಮೊಟ್ಟೆ, ಬೆಣ್ಣೆಹಣ್ಣು, ಖರ್ಜೂರ, ಎರಡು ಹೊತ್ತು ಹಾಲು. ತಟ್ಟೆಗೆ ಎರಡನೆಯ ಮುದ್ದೆಯನ್ನು ತಾನೇ ಹಾಕಿ ಎದುರಿಗೆ ಕೂರುತ್ತಿದ್ದ. ಅವನ ತಾಯಿ ನಂಜಮ್ಮ, ತನ್ನ ಮಗ ಇಷ್ಟು ಪ್ರೀತಿಯವನಾದದ್ದು ಯಾವಾಗ ಎಂದು ಸಂಶಯದಿಂದ ನೋಡುತ್ತಿದ್ದಳು. ಸುನೀತಾ ನೋಡುತ್ತಿದ್ದಳು, ತಿನ್ನುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಊಟದ ಡಬ್ಬಿ ತಂದುಕೊಟ್ಟಾಗ ಅವನು ತಕ್ಕಡಿಯ ಮೇಲೊಮ್ಮೆ ನಿಲ್ಲು ಎಂದ. ಹತ್ತಾರು ಬೆಳೆಗಾರರ ಎದುರಿಗೆ ಅವಳು ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ, ಚೀಲಗಳ ನಡುವೆ ಚೀಲದಂತೆ ನಿಂತಳು. ಅರವತ್ತೊಂದು ಕಿಲೋ ನಾನೂರು. ನೀರಿಗೆ ಎಷ್ಟು ಹಿಡಿದೆಯಪ್ಪ ಎಂದು ಹಿಂದಿನಿಂದ ಯಾರೋ ಕೇಳಿದರು. ನಂಜುಂಡೇಶ ನಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಆ ಶೆಡ್ಡಿನಲ್ಲಿ ಅವನು ನಗದೆ ಬಿಟ್ಟ ತಮಾಷೆ ಅದೊಂದೇ.

ಮೂರು ವಾರ ಹೀಗೆ ಕಳೆಯಿತು. ಸುನೀತಾಳ ತೂಕ ಏರುತ್ತಿತ್ತು. ಆದರೆ ಏರಿದ್ದರಲ್ಲಿ ಅವಳಿಗೆಷ್ಟು, ಮಗುವಿಗೆಷ್ಟು ಎಂದು ಬೇರ್ಪಡಿಸುವ ತಕ್ಕಡಿ ಶೆಡ್ಡಿನಲ್ಲಿರಲಿಲ್ಲ. ಕೊನೆಗೆ ಒಂದು ಸಂಜೆ ಅವನು, ಕೂನೂರಿನಲ್ಲಿ ಒಂದು ಪ್ರೈವೇಟ್ ಸ್ಕ್ಯಾನ್ ಸೆಂಟರ್ ಇದೆಯಂತೆ, ಅಲ್ಲಿಗೆ ಹೋಗಿ ಬರೋಣ ಎಂದು ಯಾವುದೋ ಸಿನಿಮಾಕ್ಕೆ ಕರೆದಷ್ಟು ಹಗುರಾಗಿ ಹೇಳಲು ನೋಡಿದ.

ನಂಜಮ್ಮ ಒಳಗಿನಿಂದಲೇ ಬಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ನೋಡಿ ಸರಿ ಇದೆ ಅಂದದ್ದನ್ನು ದುಡ್ಡು ಕೊಟ್ಟು ಇನ್ನೊಮ್ಮೆ ಸರಿ ಇದೆ ಅನ್ನಿಸಿಕೊಳ್ಳುವುದು ಯಾವ ಸೀಮೆ ಬುದ್ಧಿ ಎಂಬುದು ಅವಳ ಪ್ರಶ್ನೆ. ತಾನು ಮೂರು ಹೆತ್ತದ್ದು, ಒಂದನ್ನೂ ಮಿಷನ್ನಿಗೆ ತೋರಿಸದಿದ್ದದ್ದು, ಮೂರಕ್ಕೂ ಕೈಕಾಲು ನೆಟ್ಟಗಿರುವುದು, ಹಿರಿಯದಕ್ಕೆ ಮಾತ್ರ ತಲೆಯೊಳಗೆ ಏನೂ ಇಲ್ಲದಿರುವುದು ಎಲ್ಲ ಕ್ರಮವಾಗಿ ಹೊರಬಂತು. ಹಿರಿಯದು ತಲೆ ತಗ್ಗಿಸಿ ಕೇಳಿತು.

“ಹೋಗ್ಬರ್ತೀವಿ ಬುಡತ್ತೆ,” ಎಂದಳು ಸುನೀತಾ. “ಅವ್ರು ಆಸೆಪಟ್ಟು ಕರೀತಾವ್ರೆ.”

ಡಾಕ್ಟರ ಚೀಟಿ ಇಲ್ಲದೆ ಸ್ಕ್ಯಾನ್ ಸೆಂಟರಿನಲ್ಲಿ ಯಾರನ್ನೂ ಮುಟ್ಟುವುದಿಲ್ಲ ಎಂಬುದು ನಂಜುಂಡೇಶನಿಗೆ ಆಮೇಲೆ ಹೊಳೆಯಿತು. ಚೀಟಿಗೆ ಏನು ಮಾಡುವುದೆಂದು ಅವನು ಪೇಚಾಡುತ್ತಿರುವಾಗ ಸುನೀತಾ ತನ್ನ ತಾಯಿಕಾರ್ಡಿನ ಪುಸ್ತಕದಿಂದ ಒಂದು ಚೀಟಿ ತೆಗೆದು ಕೊಟ್ಟಳು. ಮಗುವಿನ ಬೆಳವಣಿಗೆ ನೋಡಲು ಸ್ಕ್ಯಾನ್ ಮಾಡಿಸಿ ಎಂದು ಬರೆದು ಡಾಕ್ಟರು ಸಹಿ ಹಾಕಿದ್ದರು, ಹತ್ತು ದಿನದ ಹಿಂದಿನ ತಾರೀಖು. ತನ್ನ ಅದೃಷ್ಟ ಎಂದುಕೊಂಡ. ಯೋಚಿಸುವ ಗಂಡಸಾಗಿದ್ದರೆ ಅಲ್ಲೇ ಯೋಚಿಸಬೇಕಿತ್ತು.

ಶನಿವಾರ ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದರು. ಕೂನೂರಿನ ಆ ಸೆಂಟರು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗಂಡೋ ಹೆಣ್ಣೋ ಹೇಳುವುದಿಲ್ಲ, ಕೇಳುವುದೂ ಅಪರಾಧ ಎಂಬ ದೊಡ್ಡ ಬೋರ್ಡಿನ ಕೆಳಗೆ ಕುರ್ಚಿಗಳು. ಕುರ್ಚಿಗಳಲ್ಲಿ ಒಂಬತ್ತು ಹೊಟ್ಟೆಗಳು. ಉದ್ದದ ಫಾರಂ ತುಂಬಿ, ಆಧಾರ್ ಕಾರ್ಡಿನ ಪ್ರತಿ ಕೊಟ್ಟು ಕಾಯುತ್ತ ಕೂತಾಗ ನಂಜುಂಡೇಶ, ಇವರೆಲ್ಲರ ಮಗುವಿನ ತೂಕದಲ್ಲೂ ಯಾರೋ ಕೈಯಾಡಿಸಿದ್ದಾರೆಯೇ ಎಂದು ಒಬ್ಬೊಬ್ಬರನ್ನೇ ನೋಡಿದ.

ಹಾಗೇನೂ ಇರಲಿಲ್ಲ. ಹೆಂಗಸರು ಮಾತಾಡಿಕೊಳ್ಳುತ್ತಿದ್ದರು, ಅವನ ಕಿವಿ ಅತ್ತ ಇತ್ತು. ಹುಬ್ಬತಲೈಯಿಂದ ಬಂದಿದ್ದ ಭುವನಾ ಎಂಬವಳಿಗೆ ಹಿಂದಿನ ವರ್ಷ ಐದು ತಿಂಗಳಿಗೆ ಹೋಗಿತ್ತಂತೆ. ಈ ಸಲ ಎದೆಬಡಿತ ಕೇಳಿಸಿಕೊಂಡು ಹೋದರೆ ಹದಿನೈದು ದಿನ ನಿದ್ದೆ ಬರುತ್ತದೆ, ಆಮೇಲೆ ಮತ್ತೆ ಬರುವುದಿಲ್ಲ, ಡಾಕ್ಟರು ಬೈದರೂ ಏನಾದರೊಂದು ನೆಪ ಹೇಳಿ ಬರುತ್ತೇನೆ ಎಂದಳು. ಅರವಂಕಾಡಿನ ಸಿಡಿಮದ್ದಿನ ಫ್ಯಾಕ್ಟರಿ ನೌಕರನ ಹೆಂಡತಿಯೊಬ್ಬಳು ಅತ್ತೆಯನ್ನು ಜೊತೆಗೆ ಕರೆತಂದಿದ್ದಳು. ಕಾಗದದಲ್ಲಿ ಬರೆದದ್ದನ್ನು ಅತ್ತೆ ನಂಬುವುದಿಲ್ಲ, ಡಾಕ್ಟರ ಬಾಯಿಂದ ಕೇಳಿದರೆ ನಂಬುತ್ತಾಳೆ, ಇಲ್ಲಿಯ ಡಾಕ್ಟರು ಮಾತಾಡುತ್ತಾರೆ. ಇನ್ನೊಬ್ಬಳು ಎಸ್ಟೇಟಿನಲ್ಲಿ ಎಲೆ ಕೀಳುವವಳು. ದೊಡ್ಡಾಸ್ಪತ್ರೆಯಲ್ಲಿ ಸಾಲು ನಿಂತರೆ ಅಂದಿನ ಕೂಲಿ ಹೋಗುತ್ತದೆ, ಇಲ್ಲಿ ಭಾನುವಾರ ಬೆಳಿಗ್ಗೆಯೂ ತೆರೆದಿರುತ್ತದೆ ಎಂದಳು, ಆದರೂ ಶನಿವಾರ ಬಂದಿದ್ದಳು. ನಾಳೆಯವರೆಗೆ ತಡೆಯಲಾಗಲಿಲ್ಲವಂತೆ.

ಡಾಕ್ಟರ್ ಕಲೈಸೆಲ್ವಿ ನಲವತ್ತೈದರ ಆಸುಪಾಸಿನವರು, ತಮಿಳಿನಲ್ಲಿ ನಿಧಾನವಾಗಿ ಮಾತಾಡುವವರು. ಗಂಡನೂ ಒಳಗೆ ಬರಲಿ ಎಂದರು. ಮಂಚದ ಎದುರಿನ ಗೋಡೆಯ ಮೇಲೆ ಮಲಗಿದವರಿಗೆ ಕಾಣುವಂತೆ ಇನ್ನೊಂದು ಪರದೆ ಇತ್ತು. ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಕೈಯಾಡಿಸಿದಾಗ ಆ ಪರದೆಯಲ್ಲಿ ನೀಲಗಿರಿಯ ಮಂಜಿನಂಥದ್ದೇನೋ ಕದಡಿತು. ನಂಜುಂಡೇಶನಿಗೆ ಮೊದಲು ಏನೂ ತಿಳಿಯಲಿಲ್ಲ. ಡಾಕ್ಟರು ಇದು ತಲೆ, ಇದು ಬೆನ್ನುಹುರಿ, ಎದೆ ನೋಡಿ ಹೇಗೆ ಬಡಿಯುತ್ತಿದೆ ಎಂದು ತೋರಿಸುತ್ತ ಹೋದರು. ತೋರಿಸಿದ್ದೆಲ್ಲಕ್ಕೂ ಅವನು ತಲೆಯಾಡಿಸಿದ. ಅವನು ಕಾಯುತ್ತಿದ್ದದ್ದು ಒಂದು ಅಂಕಿಗಾಗಿ.

“ತೂಕ ಸಾವಿರದ ಎಂಟುನೂರ ನಲವತ್ತು,” ಎಂದರು ಡಾಕ್ಟರು. “ಮೂವತ್ತೊಂದು ವಾರಕ್ಕೆ ಚೆನ್ನಾಗೇ ಇದೆ.”

ಪರದೆಯ ಮೂಲೆಯಲ್ಲಿ ಅದೇ ಜೋಡಿ ಗುರುತು, ಪಕ್ಕದಲ್ಲಿ 269. ನಂಜುಂಡೇಶನ ತುಟಿ ತಾನಾಗಿ ಅಲುಗಿತು. ಸಾವಿರದ ಐನೂರ ಎಪ್ಪತ್ತೊಂದು, ಅದರಲ್ಲಿ ಹತ್ತನೇ ಒಂದು...

“ಏನದು ಲೆಕ್ಕ?” ಡಾಕ್ಟರು ಕೇಳಿದರು.

“ಚೀಲ ಕಳೆದೆ ಮೇಡಂ. ಈಗ ನೀರು ಕಳೀತಿದ್ದೆ.”

ಡಾಕ್ಟರ ಕೈ ಸುನೀತಾಳ ಹೊಟ್ಟೆಯ ಮೇಲೆ ನಿಂತೇ ಹೋಯಿತು. ನೀವು ಯಾವ ಕೆಲಸದಲ್ಲಿದ್ದೀರಿ ಎಂದು ವಿಚಾರಿಸಿದರು. ಅವನು ಹೇಳಿದ. ತನ್ನ ಲೆಕ್ಕವನ್ನೂ ಹೇಳಿದ, ಒಂಬೈನೂರ ಹದಿನಾಲ್ಕರಿಂದ ಹಿಡಿದು. ಹೇಳುತ್ತ ಹೇಳುತ್ತ ಅದು ತನ್ನ ಕಿವಿಗೇ ಬೇರೆ ಥರ ಕೇಳತೊಡಗಿತು, ಆದರೆ ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಎಲೆ ಲಾರಿಯ ಹಾಗೆ ನಡುವೆ ನಿಲ್ಲಿಸಲಾಗಲಿಲ್ಲ. ಡಾಕ್ಟರು ಮಾಸ್ಕಿನೊಳಗೆ ನಗುತ್ತಿದ್ದರೆಂದು ಅವರ ಭುಜಗಳಿಂದ ತಿಳಿಯಿತು.

ಈ ಯಂತ್ರ ಏನನ್ನೂ ತೂಗುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಯ ಮೂಳೆಯ ಉದ್ದ ನೋಡಿ ಒಂದು ಅಂದಾಜು ಕಟ್ಟುತ್ತದೆ, ಅಷ್ಟೆ. ಚೀಲವೂ ಅದರೊಳಗಿಲ್ಲ, ನೀರೂ ಇಲ್ಲ. ಅಂದಾಜು ಆದದ್ದರಿಂದ ನಿಜವಾದ ತೂಕ ಅದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು, ಹೆಚ್ಚೂ ಇರಬಹುದು, ಆ ಗುರುತು ಅದಕ್ಕೆ.

“ಹೆಚ್ಚೂ ಇರ್ಬೋದಾ?”

“ಇರಬಹುದಲ್ಲಾ. ಎರಡು ಕಿಲೋ ದಾಟಿಯೂ ಇರಬಹುದು.”

ನಂಜುಂಡೇಶ ಕುರ್ಚಿಯ ಬೆನ್ನಿಗೆ ಒರಗಿದ. ಏಳು ವರ್ಷದಲ್ಲಿ ಅವನ ಕೈಯಲ್ಲಿ ಒಂದು ತೂಕವಾದರೂ ಮೇಲಕ್ಕೆ ಹೋದದ್ದಿಲ್ಲ. ಮೂರು ವಾರದ ಹೆದರಿಕೆ ಅಲ್ಲಿಗೆ ಇಳಿಯಿತು. ಜೊತೆಗೆ, ಇಷ್ಟು ದೊಡ್ಡ ಕತ್ತೆಯನ್ನು ಈ ಡಾಕ್ಟರು ಇಷ್ಟು ಸಣ್ಣ ಕುರ್ಚಿಯಲ್ಲಿ ಮೊದಲ ಸಲ ನೋಡುತ್ತಿರಬೇಕು ಎಂದೂ ಅನಿಸಿತು. ಎದ್ದು ಹೊರಡೋಣವೆಂದು ಅವನು ಕಾಲೂರಿದಾಗ ಸುನೀತಾ ಮಾತಾಡಿದಳು.

“ಮೇಡಂ, ನಂದೂ ಒಂದು ಕೇಳ್ಬೇಕಿತ್ತು.” ಅವಳು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. “ಸಾಯಂಕಾಲ ಆಯ್ತು ಅಂದ್ರೆ ಇದು ಒಂದೇ ಸಮ ಎಗರ್ತದೆ. ಒದೆಯೋ ಹಂಗಲ್ಲ. ಟಕ್, ಟಕ್, ಟಕ್ ಅಂತ, ಗಡಿಯಾರದ ಹಂಗೆ, ಹತ್ತು ನಿಮಿಷ. ಫಿಟ್ಸ್ ಏನಾದ್ರೂ ಬತ್ತಾ ಅದಾ ಅಂತ.”

ನಂಜುಂಡೇಶ ಅವಳ ಮುಖ ನೋಡಿದ. ಈ ಮಾತನ್ನು ಅವನು ಕೇಳುತ್ತಿದ್ದದ್ದು ಅದೇ ಮೊದಲು.

ಡಾಕ್ಟರು ಗಡಿಬಿಡಿ ಮಾಡಲಿಲ್ಲ. ಕೈಯಲ್ಲಿದ್ದ ಉಪಕರಣವನ್ನು ತುಸು ವಾಲಿಸಿ, ಮಗುವಿನ ಮುಖ ಪಕ್ಕದಿಂದ ಕಾಣುವಂತೆ ಹಿಡಿದು, ನೋಡುತ್ತಿರಿ ಎಂದರು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ನೀರು ಕುಡಿಯುತ್ತಿದೆ, ದಿನವೂ ಕುಡಿಯುತ್ತದೆ ಎಂದರು. ಒಂದು ಕೈ ಮೇಲೆ ಬಂದು ಮೂಗನ್ನು ಒರೆಸಿಕೊಂಡ ಹಾಗೆ ಮಾಡಿ ಕೆಳಗಿಳಿಯಿತು. ಮೂವರೂ ಸುಮ್ಮನೆ ನೋಡಿದರು. ಹೊರಗೆ ಎಂಟು ಜನ ಕಾಯುತ್ತಿದ್ದರು, ಡಾಕ್ಟರಿಗೆ ಅದು ನೆನಪಿದ್ದ ಹಾಗೆ ಕಾಣಲಿಲ್ಲ. ಆಮೇಲೆ ಪರದೆಯ ಮೇಲಿನ ಎದೆ ಒಮ್ಮೆ ಜಿಗಿಯಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಇನ್ನೊಮ್ಮೆ.

“ಇದೇ,” ಎಂದಳು ಸುನೀತಾ ಮೆಲ್ಲಗೆ. “ಇದೇ ಮೇಡಂ.”

“ಬಿಕ್ಕಳಿಕೆ ಕಣಮ್ಮ.”

ಸುನೀತಾಳ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಕ್ಕೆ ಹೋಯಿತು, ಅದನ್ನು ಒರೆಸಿಕೊಳ್ಳಲೂ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಂಜುಂಡೇಶ ತನ್ನ ಕರವಸ್ತ್ರ ತೆಗೆದು ಒರೆಸಿದ. ಒಂದು ಕಡೆ ಚಹಾ ಎಲೆಯ ಕರೆ ಹತ್ತಿದ್ದ ಕರವಸ್ತ್ರ.

ಕೂನೂರು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅವಳು ಎರಡು ಮಸಾಲೆ ದೋಸೆ ತಿಂದಳು, ಅವನು ಯಾವುದನ್ನೂ ತಟ್ಟೆಗೆ ಹಾಕಿ ಬಲವಂತ ಮಾಡದೆಯೇ. ಎರಡನೆಯದರ ನಡುವೆ, ಊಟಿ ಕಾಲೇಜಿನಲ್ಲಿ ಮೂರು ವರ್ಷ ಕೆಮಿಸ್ಟ್ರಿ ಓದಿದ್ದೇನೆ, ಆ ಗುರುತು ಏನೆಂದು ನನಗೆ ಮೊದಲೇ ಗೊತ್ತಿತ್ತು ಎಂದಳು. ಅಂಗಿ ಒಗೆಯುವಾಗ ಜೇಬಿನಲ್ಲಿ ಎಲೆ ಚೀಟಿ ಸಿಕ್ಕಿತಂತೆ. ಹಿಂದೆ ಬರೆದಿದ್ದ ಕಳೆತದ ಲೆಕ್ಕ ನೋಡಿ, ಮೊಟ್ಟೆ ಯಾಕೆ ಬರುತ್ತಿದೆ, ತಕ್ಕಡಿ ಯಾಕೆ ಹತ್ತಿಸಿದ ಎಂಬುದೆಲ್ಲ ತಿಳಿಯಿತಂತೆ. ಅದರ ಮರುದಿನವೇ ಡಾಕ್ಟರ ಬಳಿ ಹೋಗಿ ಚೀಟಿ ಬರೆಸಿಕೊಂಡು ಬಂದಳಂತೆ.

ನಂಜುಂಡೇಶ ಕಾಫಿ ಲೋಟ ಕೆಳಗಿಟ್ಟ. “ಗೊತ್ತಿದ್ದು ಹೇಳ್ಬಾರ್ದಾಗಿತ್ತಾ? ಮೂರು ವಾರ ನಾನು ಸತ್ತು ಬದುಕಿವ್ನಿ.”

“ಹೇಳಿದ್ರೆ ನೀನು ಕೂನೂರಿಗೆ ಕರ್ಕಂಡು ಬತ್ತಿದ್ಯಾ ಬಾವ?”

ಬರುತ್ತಿರಲಿಲ್ಲ. ಅವನಿಗೂ ಗೊತ್ತಿತ್ತು.

“ಹೋಗ್ಲಿ, ಆ ಎಗರಾಟದ್ದಾದ್ರೂ ಹೇಳ್ಬೋದಿತ್ತಲ್ಲ.”

“ನಿಂಗೆ ಹೇಳಿದ್ರೆ ಅದ್ಕೂ ಒಂದು ಲೆಕ್ಕ ಹಾಕ್ತಿದ್ದೆ. ಅತ್ತೆಗೆ ಹೇಳಿದ್ರೆ ಇಡೀ ಕಟ್ಟಬೆಟ್ಟಿಗೆ ಗೊತ್ತಾಗ್ತಿತ್ತು.” ಅವಳು ಚಟ್ನಿಯನ್ನು ಬೆರಳಲ್ಲಿ ಬಳಿದಳು. “ನರ್ಸಮ್ಮನ್ನ ಕೇಳ್ದೆ. ಮಗು ಆಡ್ತದೆ ಹೋಗು, ಒಳ್ಳೇದು ಅಂದ್ರು. ದೊಡ್ಡಾಸ್ಪತ್ರೇಲಿ ಕೇಳಣ ಅಂದ್ರೆ ನನ್ ಹಿಂದೆ ಅರವತ್ತು ಜನ ನಿಂತಿದ್ರು, ಡಾಕ್ಟ್ರು ಬೆಳಗ್ಗಿಂದ ನೀರೂ ಕುಡ್ದಿರ್ಲಿಲ್ಲ. ಪಾಪ ಅನ್ನಿಸ್ತು. ಎಲ್ಲಾರೂ ಅದ್ರ ತೂಕ ಹೇಳ್ತಾರೆ, ತಲೆ ಎಷ್ಟು ಸೆಂಟಿಮೀಟರು ಅಂತ ಹೇಳ್ತಾರೆ. ಅದು ಒಳಗೆ ಕೂತ್ಕಂಡು ಏನ್ ಮಾಡ್ತಾ ಅದೆ ಅಂತ ಯಾರೂ ಹೇಳಲ್ಲ. ನಂಗೆ ಅದು ಬೇಕಾಗಿತ್ತು.”

ಮಹಡಿಯ ಮೇಲಿನ ಒಂಬತ್ತು ಕುರ್ಚಿಗಳು ನಂಜುಂಡೇಶನ ಕಣ್ಣ ಮುಂದೆ ಬಂದವು. ಅಷ್ಟೂ ಜನ ಬಂದದ್ದು ಇಂಥದ್ದೊಂದು ಮಾತನ್ನು ಕೇಳಿಸಿಕೊಳ್ಳಲು, ತಾನೊಬ್ಬನೇ ಚೀಲ ಕಳೆಯಲು ಬಂದವನು ಎನ್ನಿಸಿ ಅವನಿಗೆ ನಗು ಬಂತು. ಈ ಸಲ ಅದಕ್ಕೆ ಸಂಬಳ ಇರಲಿಲ್ಲ. ಸುನೀತಾ ಯಾಕೆ ಎಂದು ಕೇಳಲಿಲ್ಲ, ತಾನೂ ನಕ್ಕಳು.

ಮನೆ ತಲುಪಿದಾಗ ಆರು ದಾಟಿತ್ತು. ನಂಜಮ್ಮ ಬಾಗಿಲಲ್ಲೇ ಇದ್ದಳು. ದುಡ್ಡು ಕೊಟ್ಟು ಏನು ತಿಳಿದುಕೊಂಡು ಬಂದಿರಿ ಎಂಬುದು ಅವಳು ಬೆಳಿಗ್ಗೆಯಿಂದ ಮಸೆದಿಟ್ಟುಕೊಂಡಿದ್ದ ಪ್ರಶ್ನೆ. ನಂಜುಂಡೇಶನ ಬಾಯಲ್ಲಿ ಅಂಕಿಗಳು ತಯಾರಿದ್ದವು, ಆದರೆ ಹೊರಬಂದದ್ದು ಬೇರೆ.

“ಬಿಕ್ಕಳಿಕೆ ಬತ್ತದಂತೆ ಅವ್ವ, ಅದ್ಕೆ.”

ಕೊಂಕು ನುಡಿಯಲು ಸಿದ್ಧವಾಗಿದ್ದ ನಂಜಮ್ಮನ ಮುಖ ತಟ್ಟನೆ ಗಂಭೀರವಾಯಿತು. ಇದು ಅವಳಿಗೆ ಗೊತ್ತಿದ್ದ ವಿಷಯ. ಬಿಕ್ಕಳಿಕೆ ಬಂತೆಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದರ್ಥ, ಸರಿಯಾದವರ ಹೆಸರು ಹೇಳಿದರೆ ನಿಲ್ಲುತ್ತದೆ. ಹೊಟ್ಟೆಯೊಳಗಿನದಕ್ಕೂ ಅದೇ ಕಾನೂನು ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

“ಈಗ ಬತ್ತಾ ಅದಾ?”

“ಈಗ್ತಾನೆ ಶುರುವಾಯ್ತು,” ಎಂದಳು ಸುನೀತಾ, ಮಣೆಯ ಮೇಲೆ ಕೂರುತ್ತ. ನಂಜುಂಡೇಶನ ಕೈ ಹಿಡಿದು ಹೊಟ್ಟೆಯ ಎಡಭಾಗದಲ್ಲಿಟ್ಟಳು. ಅಂಗೈಗೆ ಒಳಗಿನಿಂದ ಯಾರೋ ಬೆರಳಲ್ಲಿ ಮೆಲ್ಲಗೆ ತಟ್ಟಿದ ಹಾಗೆ. ಮತ್ತೆ ತಟ್ಟಿದ ಹಾಗೆ.

ನಂಜಮ್ಮ ಮೊಣಕಾಲೂರಿ ಹೊಟ್ಟೆಯ ಹತ್ತಿರ ಬಾಯಿ ತಂದು ಶುರುಮಾಡಿದಳು. ಗುಂಡ್ಲುಪೇಟೆಯ ಸೋದರತ್ತೆ. ನಿಲ್ಲಲಿಲ್ಲ. ಊಟಿಯ ಬೀಗರು, ಇಬ್ಬರನ್ನೂ ಬೇರೆ ಬೇರೆಯಾಗಿ. ಇಲ್ಲ. ಅಂಗಡಿಯಲ್ಲಿ ಕೂತಿರುವ ರಾಚಯ್ಯ. ಅವರು ಆಲೂಗಡ್ಡೆ ಬಿಟ್ಟು ಏನನ್ನೂ ನೆನೆಸುವುದಿಲ್ಲ, ನಿಲ್ಲುವುದಿಲ್ಲ ಬಿಡು ಎಂದು ತಾನೇ ಮುಂದೆ ಹೋದಳು. ಬೆಟ್ಟದ ಮೇಲಿನ ದೇವರು, ಬೆಟ್ಟದ ಕೆಳಗಿನ ದೇವರು. ಹೆತ್ತಪ್ಪ ಎದುರಿಗೇ ಕೂತಿದ್ದಾನೆ, ಅವನನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಹೆಸರುಗಳೆಲ್ಲ ಖಾಲಿಯಾದ ಮೇಲೆ ಅವಳು ತುಸು ನಾಚಿಕೊಂಡು, ದನಿ ತಗ್ಗಿಸಿ ಕೊನೆಯದನ್ನು ಹೇಳಿದಳು.

“ನಂಜಮ್ಮ.”

ಹೇಳಿ ತಲೆ ಎತ್ತಿ ಸೊಸೆಯ ಮುಖ ನೋಡಿದಳು.

“ನಿಂತೋಯ್ತು ಅತ್ತೆ,” ಎಂದಳು ಸುನೀತಾ.

“ನಂಗೊತ್ತಿತ್ತು. ಬೆಳಗ್ಗಿಂದ ಅದ್ನೇ ನೆನೆಸ್ಕಂಡು ಕೂತಿದ್ದೆ ಕನವ್ವ, ಒಂದು ಕೆಲ್ಸ ಮಾಡ್ಲಿಲ್ಲ,” ಎನ್ನುತ್ತ ನಂಜಮ್ಮ ಒಲೆಯ ಕಡೆಗೆ ಎದ್ದುಹೋದಳು. ಹೋಗುವಾಗ ಮುಖ ಬೆಳಗುತ್ತಿತ್ತು.

ನಂಜುಂಡೇಶನ ಕೈ ಇನ್ನೂ ಅಲ್ಲೇ ಇತ್ತು. ಹೆಸರು ಹೇಳಿದ ಮೇಲೂ ಅಂಗೈಗೆ ಸರಿಯಾಗಿ ನಾಲ್ಕು ಸಲ ತಟ್ಟಿತ್ತು. ಅವನು ಸುನೀತಾಳನ್ನು ನೋಡಿದ, ಸುನೀತಾ ಬಾಯಿಗೆ ಬೆರಳಿಟ್ಟು ಕಣ್ಣಲ್ಲೇ ಗದರಿಸಿದಳು. ಅವನು ಐದನೆಯದು ಬರಬಹುದೇನೋ ಎಂದು ಕೈ ತೆಗೆಯದೆ ಕೂತ.